ನಾಲ್ಕನೆಯ ಹಾಸಿಗೆಯ ಚಾರ್ಟು

ಐದನೆಯ ಬೆಳಿಗ್ಗೆಯೂ ನಾಲ್ಕನೆಯ ಹಾಸಿಗೆಯ ಎದುರು ‘ಒಂದು ಸಲ’ ಎಂದು ಬರೆದು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡ ಮೇಲೆ, ತನ್ನ ಕೈ ಇಷ್ಟು ಸಲೀಸಾಗಿ ಸುಳ್ಳು ಬರೆಯುವುದನ್ನು ಯಾವಾಗ ಕಲಿಯಿತು ಎಂದು ಲೋಸೆಲಿಗೆ ಆಶ್ಚರ್ಯವಾಯಿತು. ಭಾನುವಾರ ಪೆನ್ನು ಅರೆಗಳಿಗೆ ತಡೆದು ನಿಂತಿತ್ತು. ಸೋಮವಾರ ಅಕ್ಷರ ಸೊಟ್ಟಗೆ ಬಿದ್ದಿತ್ತು. ಇವತ್ತು ಗುರುವಾರ. ಒಂದನೆಯ ಹಾಸಿಗೆಯ ‘ಎರಡು ಸಲ, ತೆಳು’, ಎರಡನೆಯದರ ‘ಇಲ್ಲ’, ಮೂರನೆಯದರ ‘ಒಂದು ಸಲ, ಗಟ್ಟಿ’ ಇವುಗಳ ಕೆಳಗೆ ನಾಲ್ಕನೆಯದರ ‘ಒಂದು ಸಲ’ ಕೂಡ ಮರ್ಯಾದಸ್ಥರ ಸಾಲಿನಲ್ಲಿ ಕೂತುಬಿಟ್ಟಿತ್ತು. ಪಕ್ಕದ ಮೂತ್ರದ ಕಾಲಮಿನಲ್ಲಿ ‘ಸರಿ’ ಎಂದಿತ್ತು. ಮಿಕ್ಕ ಮೂವರನ್ನು ಅವಳು ಕೇಳಿದ್ದಳು. ಇಪ್ಪತ್ತೆರಡು ವರ್ಷಗಳಿಂದ ಕೇಳುತ್ತಲೇ ಬಂದಿದ್ದಳು: ಎರಡಕ್ಕೆ ಆಯಿತೇ, ಎಷ್ಟು ಸಲ, ಗಟ್ಟಿಯೋ ತೆಳುವೋ, ಒಂದಕ್ಕೆ ಹೋಗುವಾಗ ಉರಿಯುತ್ತದೆಯೇ. ಪಾದ್ರಿಯನ್ನು ಕೇಳಿದ್ದಳು, ಶಾಲೆಯಲ್ಲಿ ತನಗೆ ಬೆತ್ತದಲ್ಲಿ ಬಾರಿಸಿದ್ದ ಮೇಷ್ಟರನ್ನು ಕೇಳಿದ್ದಳು, ಒಮ್ಮೆ ರಾಜಧಾನಿ ನುಕುಅಲೋಫದಿಂದ ಬಂದು ಇಲ್ಲಿಯ ಏಡಿ ತಿಂದು ಹೊಟ್ಟೆ ಕೆಡಿಸಿಕೊಂಡ ದೊಡ್ಡ ಅಧಿಕಾರಿಯೊಬ್ಬನನ್ನೂ ಬಿಡದೆ ಕೇಳಿದ್ದಳು. ದ್ವೀಪದ ಅರ್ಧ ಜನರ ಹೊಟ್ಟೆಯ ಸಮಾಚಾರ ಅವಳಿಗೆ ಗೊತ್ತು. ಆ ಬಗ್ಗೆ ಅವಳಿಗೆ ಒಳಗೊಳಗೇ ಸ್ವಲ್ಪ ಜಂಬವೂ ಇತ್ತು. ಆದರೆ ನಾಲ್ಕನೆಯ ಹಾಸಿಗೆಯಲ್ಲಿ ಮಲಗಿದ್ದವನು ಇನೋಕೆ. ಇನೋಕೆ ಅವಳ ದೊಡ್ಡಮ್ಮನ ಮಗ, ಅವಳಿಗೆ ಅಣ್ಣ.

ಅಣ್ಣನನ್ನು ಅದನ್ನೆಲ್ಲ ಕೇಳುವುದುಂಟೇ! ದ್ವೀಪದ ಪದ್ಧತಿಯಂತೆ, ಅವನಿಗೆ ಹದಿಮೂರಾದಾಗ ಚಾಪೆ ಸುತ್ತಿಕೊಂಡು ಮನೆಯ ಹಿಂದಿನ ಹುಡುಗರ ಗುಡಿಸಲಿಗೆ ಹೋದವನು ಮತ್ತೆ ಅವಳಿದ್ದ ಸೂರಿನಡಿ ಮಲಗಲಿಲ್ಲ. ಅವಳು ಕೋಣೆಗೆ ಬಂದರೆ ಅವನು ಏನೋ ನೆನಪಾದವನಂತೆ ಎದ್ದು ಹೋಗುತ್ತಿದ್ದ. ಕಾವಾ ಬೇರಿನ ರಸ ಕುಡಿಯುವ ಕೂಟದಲ್ಲಿ ಬಟ್ಟಲು ತುಂಬಿಸಿಕೊಡಲು ಅವಳು ಕೂತರೆ ಅವನು ಬಾಗಿಲಿಂದಲೇ ಹಿಂದಿರುಗುತ್ತಿದ್ದ. ಹಾಗೆಂದು ಪ್ರೀತಿಯಿಲ್ಲವೆಂದಲ್ಲ. ಪ್ರೀತಿ ಇದ್ದ ಕಡೆಯೇ ಈ ಭಯ ಭಕ್ತಿ ಎಲ್ಲ. ಅವಳು ನರ್ಸಿಂಗ್ ಪಾಸಾದ ದಿನ ಅವನು ಸುಟ್ಟ ಹಂದಿಯನ್ನು ಹೆಗಲ ಮೇಲೆ ಹೊತ್ತು ತಂದು ಬಾಗಿಲಲ್ಲಿಟ್ಟು, ಮುಖ ತೋರಿಸದೆ ಹೋಗಿದ್ದ. ಅವಳ ಮನೆಯ ತಗಡು ಹಾರಿಹೋದಾಗ ಹೇಳಿಕಳಿಸುವ ಮುಂಚೆಯೇ ಏಣಿ ಹಾಕಿದ್ದ. ತಂಗಿ ಕೇಳಿದ್ದಕ್ಕೆ ಅಣ್ಣನಾದವನು ಇಲ್ಲವೆನ್ನುವ ಹಾಗೇ ಇಲ್ಲ, ಅವಳ ಸ್ಥಾನ ಅಷ್ಟು ಮೇಲಿನದು. ಮೂವತ್ತೆಂಟು ವರ್ಷಗಳಲ್ಲಿ ಅವಳು ಅವನನ್ನು ಏನೇನೋ ಕೇಳಿದ್ದಳು, ಗೆಣಸು, ಮೀನು, ದೋಣಿ, ತನ್ನ ಮಗಳ ಮದುವೆಗೆ ಎರಡು ಹಂದಿ. ಎಲ್ಲವೂ ಬಂದಿದ್ದವು. ಕೇಳಲಾಗದ್ದು ಇದೊಂದೇ. ಇದನ್ನೇ ಕೇಳುವ ಕೆಲಸ ಅವಳ ಪಾಲಿಗೆ ಬಂದಿತ್ತು.

ಬೇರೆ ನರ್ಸಿಗೆ ಒಪ್ಪಿಸಬಹುದಿತ್ತು. ಹಿಂದೆಲ್ಲ ಹಾಗೇ ನಡೆಯುತ್ತಿತ್ತು. ಆದರೆ ಮೂರು ತಿಂಗಳ ಹಿಂದೆ ಹಿರಿಯ ನರ್ಸ್ ಆಗಿ ಬಂದ ಅಕೋಸಿಟಾ ಹದಿನೈದು ವರ್ಷ ಆಕ್ಲೆಂಡಿನಲ್ಲಿ ಕೆಲಸ ಮಾಡಿ ಬಂದವಳು. ಬಂದ ವಾರವೇ ಎಲ್ಲರನ್ನೂ ಕೂರಿಸಿಕೊಂಡು, ಗೇಟಿನ ಆಚೆ ನೀವು ಯಾರ ತಂಗಿಯಾದರೂ ಆಗಿರಿ, ಒಳಗೆ ಬಂದ ಮೇಲೆ ನರ್ಸ್ ಮಾತ್ರ ಎಂದಿದ್ದಳು. ಎಲ್ಲರಿಗಿಂತ ಮೊದಲು ತಲೆಯಾಡಿಸಿದವಳು ಲೋಸೆಲಿ. ಅದಾಗಿ ಹತ್ತು ದಿನಕ್ಕೆ ಸೋದರಮಾವನ ಮಗನೊಬ್ಬ ಹರ್ನಿಯಾ ಎಂದು ಬಂದ. ಮಾವನ ಮಗನಾದರೂ ಇಲ್ಲಿ ಅಣ್ಣನೇ. ಅವನ ಹಾಸಿಗೆಯನ್ನು ಬೇರೆಯವರಿಗೆ ಕೊಡಿ ಎಂದು ಕೇಳಲು ಹೋದವಳಿಗೆ ಅಕೋಸಿಟಾ ಚಹಾದ ಬಟ್ಟಲು ಕೆಳಗಿಟ್ಟು, “ಲೋಸೆಲಿ, ಈ ದ್ವೀಪದಲ್ಲಿ ನಿಂಗೆ ಅಣ್ಣ ಅಲ್ಲದೇ ಇರೋ ಗಂಡಸು ಯಾರಾದ್ರೂ ಇದ್ದಾರಾ? ಇದ್ರೆ ಪಟ್ಟಿ ಮಾಡಿ ಕೊಡು. ಇನ್ಮೇಲೆ ಅವರಷ್ಟೇ ಕಾಯಿಲೆ ಬೀಳಲಿ ಅಂತ ಚರ್ಚಲ್ಲಿ ಹೇಳಿಸ್ತೀನಿ,” ಎಂದಿದ್ದಳು. ಎಲ್ಲರೂ ನಕ್ಕಿದ್ದರು. ಲೋಸೆಲಿಯೂ ನಕ್ಕಿದ್ದಳು. ಆ ನಗು ಮನೆಯವರೆಗೂ ಅವಳ ಮುಖದ ಮೇಲೇ ಅಂಟಿಕೊಂಡಿದ್ದು, ಕನ್ನಡಿ ನೋಡಿ ಅವಳಿಗೇ ಹೇಸಿಗೆಯಾಗಿತ್ತು. ಹೋದ ಶನಿವಾರ ಚರ್ಚಿನ ತಗಡು ಬದಲಾಯಿಸಲು ಹತ್ತಿದ್ದ ಇನೋಕೆ ಕಾಲು ಜಾರಿ ಬಿದ್ದು, ತೊಡೆಯವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ನಾಲ್ಕನೆಯ ಹಾಸಿಗೆಗೆ ಬಂದಾಗ ಅವಳು ಯಾರನ್ನೂ ಏನೂ ಕೇಳಲಿಲ್ಲ.

ಹಾಗಾಗಿ ಬೆಳಗಿನ ಸುತ್ತು ಒಂದು ನಾಟಕವಾಗಿತ್ತು. ಎರಡನೆಯ ಹಾಸಿಗೆಯಲ್ಲಿದ್ದ ಮುದುಕ ಕೋಲಿಪೋಕಿ ಬಾಯಲ್ಲಿ ಉತ್ತರ ಹೇಳುವ ಪೈಕಿಯಲ್ಲ. ಒಂದು ಸಲವಾದರೆ ಒಂದು ಬೆರಳು, ಎರಡು ಸಲವಾದರೆ ಎರಡು. ಆಗದೇ ಇದ್ದರೆ ಮುಷ್ಟಿ ಬಿಗಿದು ಬಾಕ್ಸಿಂಗ್ ಆಡುವವನಂತೆ ಎತ್ತುತ್ತಿದ್ದ. ಇವತ್ತೂ ಮುಷ್ಟಿಯೇ, ಆದರೆ ಬೇಸತ್ತು ಬಾಯನ್ನೂ ಬಿಟ್ಟ. “ಮೂರು ದಿನ ಆಯ್ತು ಕಣಮ್ಮಾ. ಭಾನುವಾರದ ಅಂಗಡಿ ಥರ, ಬಡಿದ್ರೂ ಬಾಗಿಲು ತೆಗೆಯಲ್ಲ,” ಎಂದು ಜೋರಾಗಿ ಅಂದವನು, ಅತ್ತ ಇನೋಕೆ ಇರುವುದು ನೆನಪಾಗಿ ನಾಲಿಗೆ ಕಚ್ಚಿಕೊಂಡು ಕೆಮ್ಮಿದ. ಅಣ್ಣ ತಂಗಿ ಇಬ್ಬರೂ ಇರುವಲ್ಲಿ ಅಂಥ ಮಾತು ಯಾರೂ ಆಡಬಾರದು. ಇನೋಕೆ ಗೋಡೆಯ ಕಡೆ ತಿರುಗಿ ನಿದ್ದೆ ಹೋದವನಂತೆ ಮಲಗಿದ್ದ. ಅವನ ಕಿವಿ ಕೆಂಪಾಗಿತ್ತು, ಅಂದರೆ ಎಚ್ಚರವಿದ್ದ. ಲೋಸೆಲಿ ಕಿಟಕಿಯಾಚೆ ಒಣಹಾಕಿದ್ದ ಬೆಡ್‌ಪ್ಯಾನುಗಳನ್ನು ನೋಡುತ್ತ ಅವನ ಹಾಸಿಗೆಯ ಕಾಲ ಬಳಿ ಹತ್ತು ಎಣಿಸುವಷ್ಟು ಹೊತ್ತು ನಿಂತು, ಬರೆದಳು.

ಅವನ ಹೆಂಡತಿ ಮೆಲೆನೈತೆ ಹಾಸಿಗೆಯ ಪಕ್ಕ ನೆಲದ ಮೇಲೆ ಚಾಪೆ ಹಾಸಿಕೊಂಡು ಐದು ದಿನದಿಂದ ಅಲ್ಲೇ ಇದ್ದಳು. ತನಗಿಂತ ವಯಸ್ಸಿನಲ್ಲಿ ಚಿಕ್ಕವಳಾದರೂ ಲೋಸೆಲಿಯನ್ನು ಅವಳು ಮಕ್ಕಳು ಕರೆಯುವಂತೆಯೇ ಅತ್ತೆ ಎನ್ನುತ್ತಿದ್ದಳು. ಮಂಗಳವಾರ ಒಗೆಯುವ ಕಲ್ಲಿನ ಹತ್ತಿರ ಒದ್ದೆ ಹೊದಿಕೆಯನ್ನು ಮುದ್ದೆ ಮಾಡಿ ಎಳೆಮಗುವಿನಂತೆ ಎದೆಗವಚಿಕೊಂಡು ಬಂದವಳು ಲೋಸೆಲಿಯನ್ನು ಕಂಡು ಗಕ್ಕನೆ ನಿಂತಳು.

“ನೀರು ಚೆಲ್ತು ಅತ್ತೆ. ಕುಡಿಯೋ ನೀರು.”

“ಹೂಂ.”

“ಅವರಿಗೆ ಹೊಟ್ಟೆ ಭಾರ ಅಂತಾರೆ. ಊಟ ಸೇರ್ತಿಲ್ಲ. ನೀವೇನಾದ್ರೂ...”

“ಪ್ಲಾಸ್ಟರ್ ಭಾರ ಅಲ್ವಾ, ಹಾಗನ್ಸುತ್ತೆ,” ಎಂದಿದ್ದಳು ಲೋಸೆಲಿ.

ಎಂಥ ಮಾತು! ಕಾಲಿನ ಪ್ಲಾಸ್ಟರಿಗೆ ಹೊಟ್ಟೆ ಭಾರವಾಗುವುದು ಯಾವ ದೇಶದಲ್ಲಿ? ಆದರೆ ಮೆಲೆನೈತೆ ತಲೆ ತಗ್ಗಿಸಿ ಸರಿ ಅತ್ತೆ ಎಂದಳು. ಅತ್ತೆಯ ಎದುರು ಅವಳೂ ಆ ಮಾತನ್ನು ಬಿಡಿಸಿ ಹೇಳುವ ಹಾಗಿರಲಿಲ್ಲ. ಅವಳು ದಾಟಿಹೋದಾಗ ಬಂದ ವಾಸನೆ ಕುಡಿಯುವ ನೀರಿನದಲ್ಲ. ಬುಧವಾರ ಎರಡು ಹೊದಿಕೆ ಒದ್ದೆಯಾದವು. ನರ್ಸಿಂಗ್ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ದಪ್ಪ ಹೆಂಗಸು, ಹಿತ್ತಲಿನ ಮಳೆನೀರಿನ ತೊಟ್ಟಿಯನ್ನು ತೋರಿಸಿ, ತೊಟ್ಟಿಕ್ಕುತ್ತಿದೆ ಅಂದರೆ ಖಾಲಿಯಾಗುತ್ತಿದೆ ಅಂತಲ್ಲ ಹುಡುಗಿಯರೇ, ಬಾಯಿಯವರೆಗೆ ತುಂಬಿ ಹೊರಗೆ ಚೆಲ್ಲುತ್ತಿದೆ ಅಂತ, ಎಂದು ಎರಡೆರಡು ಸಲ ಹೇಳಿಸಿದ್ದಳು. ಐವತ್ತು ದಾಟಿದ ಗಂಡಸು, ನೋವಿನ ಮಾತ್ರೆ, ಹಾಸಿಗೆ ಬಿಟ್ಟೇಳದ ಐದು ದಿನ, ಒಳಗೆ ಕಲ್ಲಾಗುತ್ತಿರುವ ಮಲ. ಅದು ಒತ್ತಿದರೆ ಮೂತ್ರದ ದಾರಿ ಕಟ್ಟುತ್ತದೆ. ಇದನ್ನು ಅವಳು ಹೊಸ ಹುಡುಗಿಯರಿಗೆ ತಾನೇ ಹೇಳಿಕೊಟ್ಟಿದ್ದಳು. ಗೊತ್ತಿಲ್ಲದೆ ಮಾಡಿದ ತಪ್ಪು ಎಂದುಕೊಳ್ಳುವ ಸುಖವೂ ಅವಳಿಗಿರಲಿಲ್ಲ.

ಒಂಬತ್ತು ಗಂಟೆಗೆ ತಾನಿಯೇಲಾ ಬಂದ. ದ್ವೀಪಕ್ಕೆ ಡಾಕ್ಟರೆಂದರೂ ಅವನೇ, ಹಲ್ಲು ಕೀಳುವವನೂ ಅವನೇ. ಬೆಳಗಿನ ಜಾವದಿಂದ ಇನೋಕೆ ಎರಡು ಸಲ ವಾಂತಿ ಮಾಡಿದ್ದ. ಬೆವರುತ್ತಿದ್ದ. ತಾನಿಯೇಲಾ ಪರದೆ ಎಳೆದು ಹೊಟ್ಟೆ ಮುಟ್ಟಿ ನೋಡುವಾಗ ಲೋಸೆಲಿ ಬಾಗಿಲ ಹತ್ತಿರ ಔಷಧಿಯ ಬಟ್ಟಲುಗಳನ್ನು ಜೋಡಿಸುತ್ತ, ಜೋಡಿಸಿದ್ದನ್ನೇ ಮತ್ತೆ ಜೋಡಿಸುತ್ತ ನಿಂತಿದ್ದಳು. ಪರದೆಯೊಳಗಿಂದ ಹಲ್ಲು ಕಚ್ಚಿಕೊಂಡ ನರಳಾಟ ಕೇಳಿಸಿತು. ತಾನಿಯೇಲಾ ಹೊರಬಂದು ಚಾರ್ಟು ತಿರುವಿದ. ಒಂದು ಸಲ, ಒಂದು ಸಲ, ಒಂದು ಸಲ. ಅವನು ಅವಳ ಅಕ್ಷರದ ಮೇಲೆ ಬೆರಳಿಟ್ಟು ಓದಿದ.

“ಹೊಟ್ಟೆ ಹಲಗೆ ಥರ ಆಗಿದೆ. ಹೊಕ್ಕುಳವರೆಗೂ ಊದಿದೆ. ಎರಡಕ್ಕೆ ದಿನಾ ಹೋಗಿದೆ, ಒಂದಕ್ಕೂ ತೊಂದರೆ ಇಲ್ಲ, ಹಾಸಿಗೇಲೇ ಹೋಗ್ತಿದೆ ಅಂತ ಕಾಣುತ್ತೆ. ಹಾಗಾದ್ರೆ ಇದು ಬಿದ್ದಾಗಿನ ಪೆಟ್ಟು. ಒಳಗೆ ಎಲ್ಲೋ ರಕ್ತ ಸೋರ್ತಿದೆ.”

“ರಕ್ತಾನಾ?” ಎಂದಳು ಲೋಸೆಲಿ.

“ಮತ್ತಿನ್ನೇನು? ಹನ್ನೆರಡರ ದೋಣಿಗೆ ಕಳಿಸ್ಬಿಡೋಣ. ನುಕುಅಲೋಫಕ್ಕೆ ಫೋನ್ ಮಾಡ್ತೀನಿ, ಹೊಟ್ಟೆ ಕುಯ್ಯೋಕೆ ರೆಡಿ ಇರಲಿ. ಅವನ ಹೆಂಡತಿಗೆ ಹೇಳು, ಬಟ್ಟೆ ಕಟ್ಕೊಳ್ಳಲಿ.”

ಮೆಲೆನೈತೆಗೆ ಹೇಳಬೇಕಾಗಲಿಲ್ಲ. ಅವಳು ಕೇಳಿಸಿಕೊಂಡು ಆಗಲೇ ಚಾಪೆ ಸುತ್ತುತ್ತಿದ್ದಳು, ಸುತ್ತಿದ್ದು ಮತ್ತೆ ಮತ್ತೆ ಬಿಚ್ಚಿಕೊಳ್ಳುತ್ತಿತ್ತು. ಲೋಸೆಲಿ ಬಟ್ಟೆಯ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡಳು. ಒಗೆದ ಹೊದಿಕೆಗಳ ವಾಸನೆ. ಆರು ಗಂಟೆ ಹಿಡಿಯುವ ದೋಣಿ ದಾರಿ, ಈ ಗಾಳಿಯಲ್ಲಿ ಎಂಟಾದೀತು. ತುಂಬಿದ ಮೂತ್ರಕೋಶ ಹೊತ್ತುಕೊಂಡು ಒಂದೊಂದು ಅಲೆಗೂ ಎತ್ತಿ ಎತ್ತಿ ಹಾಕಿಸಿಕೊಳ್ಳುವುದು. ದಾರಿಯಲ್ಲೇ ಒಡೆದರೆ? ಮೂತ್ರಪಿಂಡ ಕೈಕೊಟ್ಟರೆ? ಒಡೆಯದಿದ್ದರೂ ಅಲ್ಲಿ ಹೊಟ್ಟೆ ಕುಯ್ಯುತ್ತಾರೆ. ಕುಯ್ದು ನೋಡಿದರೆ ರಕ್ತ ಇರುವುದಿಲ್ಲ, ಅವಳ ಐದು ಸುಳ್ಳು ಇರುತ್ತವೆ. ಹೊದಿಕೆಗಳನ್ನು ಎಣಿಸತೊಡಗಿದಳು, ಯಾಕೆಂದು ಗೊತ್ತಿಲ್ಲದೆ. ಅವಳಿಗೂ ಒಮ್ಮೆ ದೋಣಿಯಲ್ಲಿ ಹಾಗಾಗಿತ್ತಲ್ಲ, ಆರೋ ಏಳೋ ವರ್ಷದವಳಿದ್ದಾಗ, ಚರ್ಚಿನ ಸಮ್ಮೇಳನಕ್ಕೆ ಬೇರೆ ದ್ವೀಪಕ್ಕೆ ಹೋಗುವಾಗ. ಹೊಟ್ಟೆ ಕಟ್ಟಲಿಲ್ಲ, ಭೇದಿಯಾಗಿ ಹರಿದುಹೋಯಿತು. ಬಿಳಿಯ ಲಂಗ, ಹೊಸದು. ಅಮ್ಮ ಆ ಕೊನೆಯಲ್ಲಿ ವಾಂತಿ ಮಾಡುತ್ತ ಬಿದ್ದಿದ್ದಳು. ಆಗ ಹುಡುಗನೊಬ್ಬ ಬಂದು ಏನೂ ಅನ್ನದೆ ಅವಳನ್ನು ದೋಣಿಯ ಅಂಚಿಗೆ ಎತ್ತಿಕೊಂಡು ಹೋಗಿ, ಡಬ್ಬದಲ್ಲಿ ಸಮುದ್ರದ ನೀರು ಎತ್ತಿ ತೊಳೆದು, ತನ್ನ ಅಂಗಿ ಬಿಚ್ಚಿ ಸುತ್ತಿದ್ದ. ಉಪ್ಪುನೀರು ಉರಿದದ್ದು ನೆನಪಿದೆ. ಅಂಗಿಗೆ ಎರಡು ಗುಂಡಿ ಇರಲಿಲ್ಲ ಎನ್ನುವುದೂ ನೆನಪಿದೆ. ಆದರೆ ಆ ಹುಡುಗ ಇನೋಕೆಯೋ ಅವನಣ್ಣ, ಮುಂದೆ ಸಮುದ್ರದಲ್ಲೇ ತೀರಿಹೋದ ಮೋಸೆಸೆಯೋ ಎನ್ನುವುದು ಮಾತ್ರ ನೆನಪಾಗುವುದಿಲ್ಲ. ಕೇಳಿ ತಿಳಿದುಕೊಳ್ಳೋಣವೆಂದರೆ ಅದೂ ಕೇಳಬಾರದ ಮಾತೇ. ಹೊದಿಕೆ ಇಪ್ಪತ್ತಮೂರಿದ್ದವು. ಅವಳು ಬಾಗಿಲು ತೆಗೆದಳು.

ಅಕೋಸಿಟಾ ಹೆರಿಗೆ ಕೋಣೆಯಲ್ಲಿದ್ದಳು. ಒಳಗೆ ಹೆಂಗಸೊಬ್ಬಳು ಗಂಡನ ಕುಲವನ್ನೆಲ್ಲ ಬೈಯುತ್ತ ತಿಣುಕುತ್ತಿದ್ದಳು. ತಾನಿಯೇಲಾ ಬಾಗಿಲಲ್ಲಿ ನಿಂತು ದೋಣಿಯ ವಿಷಯ ಹೇಳುತ್ತಿದ್ದ, ಅಕೋಸಿಟಾ ಗ್ಲೌಸಿನ ಕೈಗಳನ್ನು ಮೇಲೆತ್ತಿ ಹಿಡಿದು ಕೇಳುತ್ತಿದ್ದಳು. ಲೋಸೆಲಿ ಅವರಿಬ್ಬರ ನಡುವಿನ ಜಾಗಕ್ಕೆ ನೋಡುತ್ತ ಹೇಳಿದಳು.

“ನಾಲ್ಕನೇ ಬೆಡ್‌ನವರನ್ನ ನಾನು ಕೇಳಿಲ್ಲ.”

“ಏನನ್ನ ಕೇಳಿಲ್ಲ?” ಎಂದಳು ಅಕೋಸಿಟಾ.

“ಏನೂ ಕೇಳಿಲ್ಲ. ಐದು ದಿನದಿಂದ. ಸುಮ್ನೆ ಬರೆದೆ.”

ತಾನಿಯೇಲಾ ಕೈಯಲ್ಲಿದ್ದ ಚಾರ್ಟನ್ನು ಮತ್ತೆ ನೋಡಿದ. “ಸುಮ್ನೆ ಬರೆದೆ ಅಂದ್ರೆ? ಇದೆಲ್ಲ...”

“ಎಲ್ಲ ಸುಳ್ಳು. ಅವರು ಎರಡಕ್ಕೆ ಹೋಗೇ ಇಲ್ಲ ಅನ್ಸುತ್ತೆ. ಹಾಸಿಗೆ ಒದ್ದೆ ಆಗ್ತಿರೋದು ಹೋಗ್ತಿರೋದಲ್ಲ, ತುಂಬಿ ಚೆಲ್ತಿರೋದು. ಅದು ರಕ್ತ ಅಲ್ಲ ತಾನಿಯೇಲಾ. ಉಚ್ಚೆ.” ಆ ಮಾತು ಬಾಯಿಂದ ಬಂದದ್ದೇ ಅವಳ ಮುಖ ಉರಿಯಿತು. ಅದೇ ಮಾತನ್ನು ಅವಳು ದಿನಕ್ಕೆ ಹತ್ತು ಸಲ ಆಡುತ್ತಿದ್ದಳು.

“ಹೊಟ್ಟೆ ಕುಯ್ಯೋಕೆ ಹೇಳಿದ್ನಲ್ಲೇ ನಾನು!” ಎಂದ ತಾನಿಯೇಲಾ. ಅವನಿಗೆ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಾಗಿತ್ತು.

“ನನ್ನ ಹತ್ರ ಬಂದು ಹೇಳ್ಬಹುದಾಗಿತ್ತು,” ಎಂದಳು ಅಕೋಸಿಟಾ.

“ಹೋದ ಸಲ ಬಂದಿದ್ದೆ.”

ಒಳಗಿನ ಹೆಂಗಸು ಕಿರುಚಿದಳು. ಅಕೋಸಿಟಾ ತಿರುಗಿ ನೋಡಿ, ಮತ್ತೆ ಇವಳ ಕಡೆ ನೋಡಿದಳು. “ತಲೆ ಕಾಣಿಸ್ತಿದೆ, ನಂಗೆ ಬರೋಕಾಗಲ್ಲ. ನೀವಿಬ್ಬರೇ ಟ್ಯೂಬ್ ಹಾಕಿ. ಈಗ್ಲೇ.” ಬಾಗಿಲು ಮುಚ್ಚಿಕೊಂಡಿತು.

ಟ್ರೇ ಜೋಡಿಸಿದ್ದು ಲೋಸೆಲಿ. ಟ್ಯೂಬು, ಜೆಲ್ಲಿ, ಗ್ಲೌಸು, ಹತ್ತಿ, ಅಳತೆಯ ಜಗ್ಗು. ಪರದೆಯ ಕೆಳಗಿನ ಸಂದಿನಿಂದ ಟ್ರೇ ಒಳಗೆ ತಳ್ಳಿ, ಹೊರಗೆ ಕಿಟಕಿಯ ಕಡೆ ಮುಖ ಮಾಡಿ ನಿಂತಳು. ತಾನಿಯೇಲಾ ಈ ಕೆಲಸ ಮಾಡಿ ಎರಡು ವರ್ಷವಾಗಿತ್ತು. ದ್ವೀಪದಲ್ಲಿ ಯಾವ ಮುದುಕನಿಗೆ ಮೂತ್ರ ಕಟ್ಟಿಕೊಂಡರೂ ಟ್ಯೂಬು ಹಾಕುತ್ತಿದ್ದವಳು ಅವಳೇ. ಅವಳ ಕೈಗುಣದ ಬಗ್ಗೆ ಕಾವಾ ಕೂಟಗಳಲ್ಲಿ ಗಂಡಸರು ತಮಾಷೆ ಮಾಡಿಕೊಳ್ಳುತ್ತಾರೆ ಎನ್ನುವುದೂ ಅವಳಿಗೆ ಗೊತ್ತಿತ್ತು. ಇನೋಕೆ ಬಂದನೆಂದರೆ ಆ ತಮಾಷೆ ನಿಂತುಹೋಗುತ್ತಿತ್ತಂತೆ.

ಒಳಗೆ ಇನೋಕೆ ಒಮ್ಮೆ ಕೂಗಿಕೊಂಡ. ಆಮೇಲೆ ತಾನಿಯೇಲಾನ ದನಿ, “ಹೋಗ್ತಿಲ್ಲ ಲೋಸೆಲಿ. ಅರ್ಧಕ್ಕೆ ನಿಂತ್ಬಿಟ್ಟಿದೆ. ರಕ್ತ ಬೇರೆ ಬಂತು ಒಂದು ಹನಿ. ನೀನೇ ಒಳಗೆ ಬಾರೇ.”

“ಬೇಡ,” ಎಂದ ಇನೋಕೆ. ಐದು ದಿನಗಳಲ್ಲಿ ಅವಳಿಗೆ ಕೇಳಿಸಿದ ಅವನ ಮೊದಲ ಮಾತು ಅದು. “ಸತ್ರೂ ಪರವಾಗಿಲ್ಲ. ಅವಳು ಬರೋದು ಬೇಡ.”

ಮೆಲೆನೈತೆ ಅಳತೊಡಗಿದಳು. ಲೋಸೆಲಿ ಪರದೆಯ ಅಂಚಿಗೆ ಬಂದು ಬಟ್ಟೆಯನ್ನು ಮುಟ್ಟಿದಳು, ಸರಿಸಲಿಲ್ಲ. ಒಳಗೆ ಹೋದರೆ ಅವನು ಬದುಕಿಕೊಂಡಾನು. ಬದುಕಿಕೊಂಡ ಮೇಲೆ ಅವಳಿಗೆ ಅಣ್ಣ ಇರುವುದಿಲ್ಲ, ಅವನ ಮಕ್ಕಳಿಗೆ ಅತ್ತೆ ಇರುವುದಿಲ್ಲ. ಹೋಗದಿದ್ದರೆ ತಾನಿಯೇಲಾ ಇನ್ನೊಂದು ಸಲ ತಳ್ಳುತ್ತಾನೆ, ಹರಿದುಹೋಗುತ್ತದೆ. ಗೇಟಿನ ಒಳಗೆ ನರ್ಸ್, ಹೊರಗೆ ತಂಗಿ ಎಂದು ಹೇಳಿದವರು ಇಲ್ಲಿ ಬಂದು ಈ ಪರದೆಯ ಮುಂದೆ ನಿಲ್ಲಲಿ ಎಂದು ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಅವಳಿಗೆ ಬಾಯಿ ಬಂತು.

“ತಾನಿಯೇಲಾ, ತಳ್ಬೇಡಿ. ಹೊರಗೆ ತೆಗೀರಿ. ಟ್ರೇಲಿ ಇನ್ನೊಂದು ಟ್ಯೂಬ್ ಇದೆ, ತುದಿ ಬಾಗಿರೋದು. ಅದನ್ನ ತಗೊಳ್ಳಿ.”

ಅಷ್ಟರಲ್ಲಿ ಎರಡನೆಯ ಹಾಸಿಗೆಯಿಂದ ಕೋಲಿಪೋಕಿ ಇದ್ದಕ್ಕಿದ್ದಂತೆ ಪ್ರಾರ್ಥನೆಯ ಹಾಡು ಎತ್ತಿಕೊಂಡ. ಒಂದನೆಯ ಹಾಸಿಗೆಯವನು ಕೂಡಿಕೊಂಡ, ಮೂರನೆಯವನು ಕೂಡಿಕೊಂಡ, ಅವನ ಅಕ್ಕಪಕ್ಕ ಕೂತಿದ್ದ ಹೆಂಗಸರು ಮೇಲಿನ ದನಿ ಹಿಡಿದರು. ಲೋಸೆಲಿಗೆ ಅರ್ಥವಾಯಿತು. ತಂಗಿ ಅಣ್ಣನ ಎದುರು ಆಡುವ ಮಾತು ತಮ್ಮ ಕಿವಿಗೆ ಬೀಳದ ಹಾಗೆ ಅವರು ಹಾಡಿನ ಗೋಡೆ ಕಟ್ಟುತ್ತಿದ್ದರು. ಅವಳಿಗೆ ಅವರ ಮೇಲೆ ಪ್ರೀತಿ ಉಕ್ಕಿತು. ಆದರೆ ತಾನಿಯೇಲಾನಿಗೆ ಒಂದು ಅಕ್ಷರವೂ ಕೇಳಿಸದಂತಾಯಿತು.

“ಏನಂದೆ? ಜೋರಾಗಿ ಹೇಳೇ!”

“ಮೇಲಕ್ಕೆತ್ತಿ ಹಿಡೀರಿ ಅಂದೆ!”

“ಏನನ್ನ?”

“ಅದನ್ನೇ! ಇನ್ನೇನನ್ನ! ಸೀದಾ ಸೂರಿನ ಕಡೆ! ಟ್ಯೂಬಿನ ತುದಿ ಹೊಕ್ಕುಳ ನೋಡ್ತಿರಬೇಕು!”

ಅವಳು ಕೂಗಿದ ಹೊತ್ತಿಗೆ ಸರಿಯಾಗಿ ಚರಣ ಮುಗಿದು ಎಲ್ಲರೂ ಉಸಿರೆಳೆದುಕೊಂಡರು. ಆ ಒಂದು ಉಸಿರಿನಷ್ಟು ಹೊತ್ತು ಕೋಣೆಯಲ್ಲಿ ಅವಳ ಮಾತೊಂದೇ ಇತ್ತು. ಹೆಂಗಸರ ವಾರ್ಡಿನಲ್ಲೂ ಕೇಳಿಸಿರಬೇಕು. ಕೋಲಿಪೋಕಿ ಗಾಬರಿಯಿಂದ ಮುಂದಿನ ಚರಣವನ್ನು ಒಂದು ಮೆಟ್ಟಿಲು ಮೇಲಿನ ಶ್ರುತಿಯಲ್ಲಿ ಹಿಡಿದುಬಿಟ್ಟ, ಮಿಕ್ಕವರು ಒದ್ದಾಡಿಕೊಂಡು ಹಿಂದೆ ಬಂದರು. ಇದಕ್ಕಿಂತ ದೊಡ್ಡ ಅವಮಾನ ಇನ್ನು ಬರಲಾರದು ಎನ್ನಿಸಿ ಲೋಸೆಲಿಗೆ ಒಂದು ಬಗೆಯ ನೆಮ್ಮದಿಯಾಯಿತು.

“ತಡೀತಾ ಇದೆ ಮತ್ತೆ,” ಎಂದ ತಾನಿಯೇಲಾ.

“ಅಲ್ಲೇ ನಿಲ್ಲಿಸಿ. ಒತ್ತಬೇಡಿ. ಉದ್ದಕ್ಕೆ ಉಸಿರು ಬಿಡೋಕೆ ಹೇಳಿ, ಬಿಡುವಾಗ ಮೆತ್ತಗೆ.”

“ಬಿಡ್ತಿಲ್ಲ ಇವ್ನು. ಬಿಗಿ ಹಿಡ್ಕೊಂಡ್ಬಿಟ್ಟಿದ್ದಾನೆ.”

ಬಿಗಿ ಹಿಡಿದುಕೊಂಡದ್ದು ತನ್ನ ದನಿ ಕೇಳಿಯೇ ಎಂದು ಅವಳಿಗೆ ಗೊತ್ತಾಯಿತು. ಬಿಡಿಸಬೇಕಾದವಳೂ ಅವಳೇ. ಪರದೆಯ ಬಟ್ಟೆ ಮೂಗಿಗೆ ತಾಗುವಷ್ಟು ಹತ್ತಿರ ನಿಂತಳು. ಹಾಡು ಕಿವಿಯಲ್ಲಿ ಮೊರೆಯುತ್ತಿತ್ತು.

“ಅಣ್ಣಾ,” ಎಂದಳು. “ಉಸಿರು ಬಿಡಿ. ನಾನು ಕೇಳ್ಕೋತಿದ್ದೀನಿ.”

ತಂಗಿ ಕೇಳಿದ್ದಕ್ಕೆ ಇಲ್ಲವೆನ್ನುವ ಹಾಗಿಲ್ಲ. ಪರದೆಯೊಳಗೆ ಉದ್ದನೆಯ ಉಸಿರು ಹೊರಬಿದ್ದುದು ಹಾಡಿನ ನಡುವೆಯೂ ಅವಳಿಗೆ ಕೇಳಿಸಿತು. ಇನ್ನೊಂದು ಉಸಿರು. ಮತ್ತೊಂದು. ಆಮೇಲೆ ತಾನಿಯೇಲಾ “ಬಂತು! ಬಂತು!” ಎಂದು ಸಣ್ಣ ಹುಡುಗನಂತೆ ಕೂಗಿದ. ಜಗ್ಗಿಗೆ ನೀರು ಬೀಳುವ ಸದ್ದು ಶುರುವಾಗಿ, ನಿಲ್ಲಲೇ ಇಲ್ಲ. ತುಂಬಿದ ಜಗ್ಗು ಪರದೆಯ ಕೆಳಗಿಂದ ಹೊರಬಂತು. ಅವಳು ಅದನ್ನು ಎರಡೂ ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದು ಗೆರೆ ನೋಡಿ, ಸುರಿದು ಬಂದು, ಖಾಲಿ ಜಗ್ಗನ್ನು ಒಳಗೆ ತಳ್ಳಿದಳು. ಎರಡು ಜಗ್ಗಾಗಿ ಮೂರನೆಯದು ಅರ್ಧ. ಒಟ್ಟು ಒಂದೂವರೆ ಲೀಟರ್ ಮೀರಿತ್ತು. ಇಪ್ಪತ್ತೆರಡು ವರ್ಷಗಳಲ್ಲಿ ಅವಳು ಅಷ್ಟು ಕಂಡಿರಲಿಲ್ಲ. ಹಾಡು ಮುಗಿಯುವುದಕ್ಕೆ ಮೊದಲೇ ಅವನ ನರಳಾಟ ನಿಂತಿತ್ತು. ಮೆಲೆನೈತೆ ಸುತ್ತಿದ್ದ ಚಾಪೆಯ ಮೇಲೆಯೇ ಕುಸಿದು ಕೂತು, ಅತ್ತೆಯ ಕಾಲಿನ ಹತ್ತಿರ ನೆಲ ಮುಟ್ಟಿದಳು. ಲೋಸೆಲಿಗೆ ಅದು ಚುಚ್ಚಿತು.

ದೋಣಿ ಇನೋಕೆಯಿಲ್ಲದೆ ಹೋಯಿತು. ಮಧ್ಯಾಹ್ನ ತಾನಿಯೇಲಾ ಕೈಗೆ ಗ್ಲೌಸು ಹಾಕಿಕೊಂಡು ಹೋಗಿ ಮಲ ಸಡಿಲವಾಗುವ ಔಷಧಿ ಇಟ್ಟು ಬಂದ. ಹೆರಿಗೆ ಮುಗಿಸಿ ಕೈ ತೊಳೆಯುತ್ತಿದ್ದ ಅಕೋಸಿಟಾಳ ಮುಂದೆ ಲೋಸೆಲಿ ಚಾರ್ಟು ಇಟ್ಟಳು. ಹುಟ್ಟಿದ್ದು ಹೆಣ್ಣುಮಗುವಂತೆ. ಅಕೋಸಿಟಾಳ ಕಣ್ಣು ಕೆಂಪಾಗಿದ್ದವು, ನಿದ್ದೆಗೆಟ್ಟೋ ಬೇರೆ ಯಾವುದಕ್ಕೋ.

“ಹಳೇದನ್ನ ಅಳಿಸಬೇಡ. ಮೇಲೆ ಗೆರೆ ಎಳೆದು, ಪಕ್ಕದಲ್ಲಿ ನಿಜ ಬರೆದು, ನಿನ್ನ ಹೆಸರು ಹಾಕು. ಐದಕ್ಕೂ.”

“ಹೂಂ.”

“ಮೇಲಿನವರಿಗೆ ನಾನು ಬರೀಲೇಬೇಕು ಲೋಸೆಲಿ.”

“ಬರೀರಿ.”

“ನಾನು ಅವತ್ತು ಎಲ್ಲರೆದುರು ನಿಂಗೆ ಏನಂದೆ ಅನ್ನೋದನ್ನೂ ಬರೀತೀನಿ,” ಎಂದು ಅಕೋಸಿಟಾ ಟವೆಲನ್ನು ಮಡಿಸದೆ ಎಸೆದು ಹೋದಳು. ಲೋಸೆಲಿ ಅಲ್ಲೇ ಕೂತು ಐದು ಗೆರೆ ಎಳೆದಳು. ಐದು ಸಲ ‘ಕೇಳಲಿಲ್ಲ’ ಎಂದು ಬರೆದಳು. ಕೆಲಸ ಹೋಗಬಹುದು. ಹೋದರೆ ಏನು ಎಂದು ಯೋಚಿಸಲು ಹೊರಟು, ಬದಲಿಗೆ ಆ ಅಂಗಿಯ ಗುಂಡಿಗಳ ಬಗ್ಗೆ ಯೋಚಿಸುತ್ತಿದ್ದಳು.

ಶುಕ್ರವಾರ ಬೆಳಿಗ್ಗೆ ನಾಲ್ಕನೆಯ ಹಾಸಿಗೆಯನ್ನು ಅಕೋಸಿಟಾ ನೋಡುವುದೆಂದಾಗಿತ್ತು. ಆದರೆ ಬಾಣಂತಿಗೆ ಜ್ವರ ಬಂದು ಅವಳು ಆ ಕಡೆ ಹೋಗಿದ್ದಳು, ತಾನಿಯೇಲಾ ಬರುವುದು ಒಂಬತ್ತಕ್ಕೇ. ಚಾರ್ಟು ಎಂದಿನಂತೆ ಲೋಸೆಲಿಯ ಕೈಗೆ ಬಂತು. ಒಂದನೆಯ ಹಾಸಿಗೆ, ಒಂದು ಸಲ. ಕೋಲಿಪೋಕಿ ಎರಡು ಬೆರಳೆತ್ತಿ ಗೆದ್ದವನಂತೆ ಬೀಗಿದ, ಆದರೆ ಬಾಯಿ ಬಿಡಲಿಲ್ಲ. ಮೂರನೆಯದು, ಇಲ್ಲ. ಅವಳು ನಾಲ್ಕನೆಯದರ ಕಾಲ ಬಳಿ ಬಂದು ನಿಂತು ಕಿಟಕಿಯ ಕಡೆ ತಿರುಗಿದಳು. ಮೂತ್ರ ಬರೆಯುವುದು ಈಗ ಸುಲಭ, ಚೀಲದಲ್ಲಿ ತೂಗುತ್ತಿತ್ತು, ಗೆರೆ ನೋಡಿದರಾಯಿತು. ಬರೆದಳು. ಉಳಿದದ್ದು ಪಕ್ಕದ ಕಾಲಮು. ಪೆನ್ನು ಅಲ್ಲಿ ಬಂದು ನಿಂತಿತು. ಇವತ್ತು ಕೇಳುತ್ತೇನೆ ಎಂದು ಅವಳು ರಾತ್ರಿಯೆಲ್ಲ ಅಂದುಕೊಂಡಿದ್ದಳು, ಪರದೆ ಇದ್ದಾಗ ಬಂದ ದನಿ ಪರದೆಯಿಲ್ಲದೆಯೂ ಬರಬೇಕಲ್ಲ. ಬರಲಿಲ್ಲ. ಇಷ್ಟಾದ ಮೇಲೂ ಬರುತ್ತಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೆ ಅಳು ಬರುವಷ್ಟು ಕೋಪ ಬಂತು.

ಮೆಲೆನೈತೆ ಏನನ್ನೋ ಕಂಡು ಉಸಿರು ಹಿಡಿದಳು. ಲೋಸೆಲಿ ಕಿಟಕಿಯಿಂದ ಕಣ್ಣು ಸರಿಸಿದಳು. ಇನೋಕೆ ಗೋಡೆಯ ಕಡೆಗೇ ಮುಖ ಮಾಡಿದ್ದ. ತಲೆಯವರೆಗೂ ಹೊದಿಕೆ ಎಳೆದುಕೊಂಡಿದ್ದ. ಹೊದಿಕೆಯ ಅಂಚಿನಿಂದ ಅವನ ಬಲಗೈ ಹೊರಗೆ ಬಂದಿತ್ತು. ಬಲೆ ಎಳೆದು ಎಳೆದು ದಪ್ಪಗಾದ ಕೈ. ಅದು ಹಾಸಿಗೆಗೆ ಮೊಣಕೈ ಊರಿ, ಗಾಳಿಯಲ್ಲಿ ಮುಷ್ಟಿ ಬಿಗಿದು ನಿಂತಿತ್ತು.

ಲೋಸೆಲಿ ‘ಇಲ್ಲ’ ಎಂದು ಬರೆದಳು. ಪೆನ್ನು ಜೇಬಿಗೆ ಸೇರಿದ ಸದ್ದು ಕೇಳುವವರೆಗೂ ಆ ಮುಷ್ಟಿ ಇಳಿಯಲಿಲ್ಲ.